ಶುಂಠಿ ಜಜ್ಜಿದ ಕಲ್ಲು

ಈ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಅಡುಗೆಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಗೂ ಚಹಾಪುಡಿಯ ಡಬ್ಬಿಗೂ ನಡುವೆ, ಒಂದು ಕಲ್ಲು ಬೀಡುಬಿಟ್ಟಿತ್ತು. ಕೋಳಿಮೊಟ್ಟೆಗಿಂತ ತುಸು ಚಿಕ್ಕದು. ಶೇಂಗಾ ಸಿಪ್ಪೆಯ ಬಣ್ಣ. ಒಂದು ಮಗ್ಗುಲು ಸಪಾಟು, ಇನ್ನೊಂದು ಮಗ್ಗುಲಲ್ಲಿ ಹೆಬ್ಬೆರಳು ಹೇಳಿ ಮಾಡಿಸಿದಂತೆ ಕೂರುವ ಸಣ್ಣ ತಗ್ಗು. ಶುಂಠಿ ಜಜ್ಜುವುದಕ್ಕೆ ಅಂಥ ಕಲ್ಲು ನನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ಮತ್ತೊಂದು ಸಿಕ್ಕಿರಲಿಲ್ಲ. ಒಂದೇ ಪೆಟ್ಟಿಗೆ ಶುಂಠಿ ನಾರು ಬಿಚ್ಚಿಕೊಂಡು ಮಲಗುತ್ತಿತ್ತು, ಎರಡನೆಯದಕ್ಕೆ ಏಲಕ್ಕಿ ಸಿಪ್ಪೆ ಸಮೇತ ಶರಣಾಗುತ್ತಿತ್ತು. ಬೆಳಗಿನ ಚಹಾ ಕುಡಿದ ನಮ್ಮ ಮನೆಯವರು “ಈಗೀಗ ನಿನ್ನ ಕೈಗೆ ರುಚಿ ಬಂದೈತಿ ನೋಡು” ಎಂದಾಗ, ಮದುವೆಯಾಗಿ ಇಪ್ಪತ್ತಾರು ವರ್ಷದ ಮೇಲೆ ಬಂದ ಆ ಹೊಗಳಿಕೆಯನ್ನು ನಾನು ಕಲ್ಲಿನೊಂದಿಗೆ ಹಂಚಿಕೊಳ್ಳದೆ ಪೂರ್ತಿ ಒಬ್ಬಳೇ ಇಟ್ಟುಕೊಂಡೆ.

ಕಲ್ಲು ಬಂದ ಬಗೆಯನ್ನು ನಿಮಗೆ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ನಾವು ಬಾಗಲಕೋಟೆಯ ಕಡೆಯವರು. ಫ್ರಿಜ್ಜಿನ ನೀರು ಹಲ್ಲು ಜುಮ್ಮೆನ್ನಿಸುತ್ತದೆಯೇ ಹೊರತು ನಮ್ಮ ಬಾಯಾರಿಕೆಯನ್ನು ಕಳೆಯುವುದಿಲ್ಲ. ಬೆಂಗಳೂರಿನ ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಹಿಂಭಾಗದ ಬಾಡಿಗೆ ಮನೆಗೆ ಬಂದ ಮೊದಲ ಬೇಸಿಗೆಯಿಂದಲೂ ಪಾಟರಿ ಟೌನಿನ ವಳ್ಳಿಯಮ್ಮನವರ ಹತ್ತಿರ ನೀರಿನ ಮಡಕೆ ಕೊಳ್ಳುವುದು ನಮ್ಮ ವಾಡಿಕೆ. ನಾವು ಹರವಿ ಎನ್ನುವುದನ್ನು ಅವರು ಮನೆಯೊಳಗೆ ಪಾನೈ ಎನ್ನುತ್ತಾರೆ, ನನ್ನೊಂದಿಗೆ ಮಾತಾಡುವಾಗ ಮಡಕೆ ಎನ್ನುತ್ತಾರೆ. ನೀರು ಮಾತ್ರ ಮೂರು ಹೆಸರಿಗೂ ಒಂದೇ ಸಮ ತಂಪಾಗಿರುತ್ತದೆ. ಆ ಏಪ್ರಿಲ್ ಮಧ್ಯಾಹ್ನ ಮಡಕೆಯನ್ನು ಆಟೋದೊಳಗೆ ಇಟ್ಟದ್ದಾಗಿತ್ತು, ವಳ್ಳಿಯಮ್ಮ ಸುತ್ತುವುದಕ್ಕೆ ಹಳೆಯ ಪೇಪರು ತರಲು ಒಳಗೆ ಹೋಗಿದ್ದರು. ಆಟೋದವನು ಹಿಂತಿರುಗಿ ನೋಡಿ, “ಮೇಡಂ, ಏನಾದ್ರೂ ಅಡ್ಡ ಇಡಿ. ಬ್ರೇಕ್ ಹಾಕಿದ್ರೆ ಉರುಳ್ಕೊಂಡು ನನ್ ಬೆನ್ನಿಗೇ ಬರುತ್ತೆ” ಎಂದ. ನಾನು ಆಚೀಚೆ ನೋಡಿದೆ. ಹೊಸ್ತಿಲ ಪಕ್ಕ ಒಂದು ತಗಡಿನ ಬೋಗುಣಿಯಲ್ಲಿ ಸ್ವಲ್ಪ ನೀರು, ನೀರಿನಲ್ಲಿ ಒಂದು ಕಲ್ಲು. ಎತ್ತಿದೆ, ಮಡಕೆಯ ಬುಡಕ್ಕೆ ಒತ್ತಿದೆ. ಅದು ಅಳತೆ ತೆಗೆದು ಮಾಡಿದ ಬೆಣೆಯಂತೆ ಕೂತಿತು. ವಳ್ಳಿಯಮ್ಮ ಬಂದರು, ಪೇಪರು ಕೊಟ್ಟರು, ನಾವು ಹೊರಟೆವು. ಒಂದು ಕಲ್ಲಿಗಾಗಿ ಯಾರಾದರೂ ಯಾರನ್ನಾದರೂ ಕೇಳುತ್ತಾರೆಯೇ ಎಂದು ನೀವು ನನ್ನ ಪರ ವಹಿಸಬಹುದು. ನಾನೂ ಐದು ತಿಂಗಳು ಹಾಗೆಯೇ ಅಂದುಕೊಂಡಿದ್ದೆ.

ಆದರೆ ನನ್ನ ಉದ್ಯೋಗವನ್ನು ಕೇಳಿದರೆ ನೀವು ಆ ರಿಯಾಯಿತಿಯನ್ನು ವಾಪಸು ಪಡೆಯುತ್ತೀರಿ. ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಲೇತಿನಿಂದ ಇಳಿದು ಬರುವ ಉಕ್ಕಿನ ತುಂಡುಗಳನ್ನು ಅಳೆದು, ಬೆರಳು ಸವರಿ, ಉಗುರಿನಿಂದ ಗೀರು ಹುಡುಕಿ, ಪಾಸ್ ಅಥವಾ ರಿಜೆಕ್ಟ್ ಎಂದು ಮೊಹರು ಒತ್ತುವುದು ನನ್ನ ಅನ್ನದ ದಾರಿ. ಕೂದಲೆಳೆಯ ವ್ಯತ್ಯಾಸವನ್ನು ಹಿಡಿಯುತ್ತೇನೆಂದು ಹುಡುಗರು ನನ್ನನ್ನು ಕಂಡರೆ ಹೆದರುತ್ತಾರೆ. ಯಾವುದು ಹಾಗೆಯೇ ಹುಟ್ಟಿದ್ದು, ಯಾವುದು ತಿಕ್ಕಿ ತಿಕ್ಕಿ ಸವೆದದ್ದು ಎಂದು ಕಣ್ಣುಮುಚ್ಚಿ ಹೇಳಬಲ್ಲ ನನ್ನ ಬೆರಳು, ಆ ಕಲ್ಲಿನ ಸಪಾಟು ಮಗ್ಗುಲಿನ ಮೇಲೆ, ಹೆಬ್ಬೆರಳಿನ ತಗ್ಗಿನ ಮೇಲೆ ದಿನಕ್ಕೆ ಎರಡು ಸಲ ಆಡಿದರೂ ಏನನ್ನೂ ಕೇಳಲಿಲ್ಲ. ಕಾರ್ಖಾನೆಯ ಗೇಟು ದಾಟಿದ ಮೇಲೆ ಬುದ್ಧಿಗೂ ರಜೆ ಕೊಟ್ಟುಬಿಡುತ್ತೇವೆ ಎಂದು ಕಾಣುತ್ತದೆ.

ಆ ಬೆರಳುಗಳೇ ನನ್ನನ್ನು ಕುಂಬಾರಿಕೆಯ ತರಗತಿಗೆ ಕಳಿಸಿದವು. ಗೇಜು ಹಿಡಿದು ಹಿಡಿದು ಬೆಳಗಿನ ಹೊತ್ತು ಅವು ಮರಗಟ್ಟತೊಡಗಿದ್ದವು. ಮಣ್ಣು ನಾದಿ ನೋಡಿ ಎಂದರು ಡಾಕ್ಟರು. ವಳ್ಳಿಯಮ್ಮನವರ ಅಂಗಳ ನಡೆದು ಹೋಗುವಷ್ಟು ಹತ್ತಿರವಿರುವಾಗ ನಾನು ಇಂದಿರಾನಗರದವರೆಗೆ ಹೋಗಿ, ಏಪ್ರನ್ ಕಟ್ಟಿಕೊಂಡು, ಭಾನುವಾರದ ತರಗತಿಗೆ ಸೇರಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನಂಥವರಿಗೇ ಹುಟ್ಟಿದ್ದು. ಅಲ್ಲಿ ಕರೆಂಟಿನ ತಿಗರಿ ತಿರುಗುತ್ತಿತ್ತು, ನನ್ನ ಬಟ್ಟಲುಗಳು ವಾರಕ್ಕೊಂದರಂತೆ ಸೊಂಟ ಮುರಿದುಕೊಂಡು ಬೀಳುತ್ತಿದ್ದವು, ಕಲಿಸುತ್ತಿದ್ದ ಮೀರಾ ಮೇಡಂ ಪ್ರತಿ ಸಲವೂ “ಪರವಾಗಿಲ್ಲ, ಮಣ್ಣು ಮತ್ತೆ ಮಣ್ಣಾಗುತ್ತೆ” ಎನ್ನುತ್ತಿದ್ದರು.

ಸೆಪ್ಟೆಂಬರಿನ ಒಂದು ಭಾನುವಾರ ಕರೆಂಟು ಹೋಯಿತು. ತಿಗರಿಗಳು ನಿಂತವು. ಮೀರಾ ಮೇಡಂ, “ಇವತ್ತು ತಿಗರಿಯೇ ಇಲ್ಲದ ಕುಂಬಾರಿಕೆಯ ಕತೆ ಹೇಳ್ತೀನಿ” ಎಂದು ಒಂದು ಹಳೆಯ ಡ್ರಾಯಿಂಗ್ ಪುಸ್ತಕವನ್ನೂ ಅಂಗೈಯಗಲದ ಒಂದು ಬಟ್ಟಲನ್ನೂ ತಂದು ನಡುವೆ ಇಟ್ಟರು. ಅವರು ವಯಸ್ಸಿನಲ್ಲಿದ್ದಾಗ ಅಮೆರಿಕದ ಅರಿಜೋನಾ ಸೀಮೆಯಲ್ಲಿ, ಹೋಪಿ-ತೇವಾ ಜನರ ಒಬ್ಬ ಮುದುಕಿಯ ಬಳಿ ನಾಲ್ಕು ತಿಂಗಳು ಮಣ್ಣಿನ ಕೆಲಸ ನೋಡುತ್ತ ಇದ್ದರಂತೆ. ಆ ಊರಿನೊಳಗೆ ಫೋಟೋ ತೆಗೆಯುವಂತಿಲ್ಲ. ಮುದುಕಿ, “ನನ್ನ ಕೈಯನ್ನು ಬೇಕಾದರೆ ಬರಕೋ, ಹೆಸರನ್ನು ಊರೂರಿಗೆ ಒಯ್ಯಬೇಡ” ಎಂದಿದ್ದರಂತೆ. ಹೀಗಾಗಿ ಅವರ ಹೆಸರು ನನಗೂ ಗೊತ್ತಿಲ್ಲ. ಪುಸ್ತಕದ ತುಂಬ ಪೆನ್ಸಿಲಿನಲ್ಲಿ ಬರೆದ ಕೈಗಳೇ ಇದ್ದವು. ಮುಖ ಒಂದೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಆ ಹಿರಿಯಳಿಗೆ ಮಣ್ಣಜ್ಜಿ ಎಂದು ಹೆಸರಿಟ್ಟುಕೊಂಡೆ, ನೀವೂ ಹಾಗೆಯೇ ಕರೆಯಬಹುದು.

ಮಣ್ಣಜ್ಜಿಯ ಊರು ನೆತ್ತಿ ಸಪಾಟಾದ ಬಂಡೆಗುಡ್ಡದ ಮೇಲಿದೆ. ನಮ್ಮ ಬಾದಾಮಿಯ ಕಡೆಯ ಗುಡ್ಡಗಳ ಬಣ್ಣವನ್ನು ನೆನೆದುಕೊಂಡರೆ ಅರ್ಧ ಚಿತ್ರ ಸಿಕ್ಕಂತೆ. ಅವರ ಪೂರ್ವಿಕರಾದ ತೇವಾ ಜನ ಸುಮಾರು ಮುನ್ನೂರು ವರ್ಷಗಳ ಹಿಂದೆ, ಪೂರ್ವದ ಹೊಳೆಯ ದಂಡೆಯಲ್ಲಿ ಪರದೇಶದವರ ಕಾಟ ಹೆಚ್ಚಾಗಿ, ಹೋಪಿಗಳ ನಾಡಿಗೆ ಬಂದು ನಿಂತವರು. ಅಂದಿನಿಂದ ಮನೆಯೊಳಗೆ ತೇವಾ, ಬೀದಿಯಲ್ಲಿ ಹೋಪಿ, ಅಂಗಡಿ ಕಚೇರಿಗೆ ಇಂಗ್ಲಿಷು. ತೇವಾ ಜನರಿಗೆ ಹೋಪಿಗಳ ಮಾತು ಬರುತ್ತದೆ, ಹೋಪಿಗಳಿಗೆ ತೇವಾ ಅಷ್ಟಾಗಿ ಬರುವುದಿಲ್ಲ. ಇದನ್ನು ಕೇಳುತ್ತ ನನಗೆ ವಳ್ಳಿಯಮ್ಮ ನೆನಪಾದರು. ಒಳಗಿದ್ದ ಮಗಳನ್ನು ತಮಿಳಿನಲ್ಲಿ ಕೂಗಿ, ಸೌದೆಯವನೊಂದಿಗೆ ದಖ್ಖನಿ ಉರ್ದುವಿನಲ್ಲಿ ಜಗಳವಾಡಿ, ನನ್ನೊಂದಿಗೆ ಕನ್ನಡದಲ್ಲಿ ಚೌಕಾಸಿ ಮಾಡುವ ಆ ಹೆಂಗಸಿನ ಮನೆಮಾತಿನಲ್ಲಿ ನಾನು ಇಷ್ಟು ವರ್ಷವಾದರೂ ಕಲಿತದ್ದು ಪಾನೈ ಎಂಬ ಒಂದೇ ಪದ.

ಅಲ್ಲಿ ಕುಂಬಾರಿಕೆ ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಇಳಿದು ಬಂದ ವಿದ್ಯೆ. ಮಣ್ಣಜ್ಜಿಗೆ ಅವರ ತಾಯಿ ಬಾಯಿಬಿಟ್ಟು ಏನನ್ನೂ ಕಲಿಸಲಿಲ್ಲವಂತೆ. ಮಗ್ಗುಲಲ್ಲಿ ಕೂರಿಸಿಕೊಂಡು ಒಂದು ಮುದ್ದೆ ಮಣ್ಣು ಕೊಟ್ಟು ತನ್ನ ಕೆಲಸ ತಾನು ಮಾಡುತ್ತಿದ್ದಳಂತೆ. ಮಣ್ಣು ಅಗೆಯುವ ಮೊದಲು ನೆಲಕ್ಕೆ ಒಂದು ಚಿಟಿಕೆ ಮೆಕ್ಕೆಜೋಳದ ಹಿಟ್ಟು ಅರ್ಪಿಸಿ ಕೇಳಿಕೊಳ್ಳಬೇಕು. ಆಮೇಲೆ ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಸೋರೆಬುರುಡೆಯ ಚೂರಿನಿಂದ ಹೆರೆದು ಗೋಡೆ ಎಬ್ಬಿಸಬೇಕು. ಕತ್ತಾಳೆಯಂಥ ಒಂದು ಗಿಡದ ಎಲೆಯ ತುದಿಯನ್ನು ಅಗಿದರೆ ಕುಂಚ, ಒಂದು ಸೊಪ್ಪನ್ನು ಬೆಲ್ಲದ ಪಾಕದ ಹದಕ್ಕೆ ಕುದಿಸಿದರೆ ಕಪ್ಪು ಬಣ್ಣ, ಒಣಗಿದ ಕುರಿಹಿಕ್ಕೆಯ ಹೆಂಟೆಗಳನ್ನು ಸುತ್ತ ಪೇರಿಸಿದರೆ ಮಡಕೆ ಸುಡುವ ಆವಿಗೆ. ನಮ್ಮೂರಲ್ಲಿ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಾಕುವುದನ್ನು ನೋಡಿ ಬೆಳೆದ ನನಗೆ ಇದರ ವಾಸನೆ ಕೂಡ ಪರಿಚಯದ್ದು ಅನ್ನಿಸಿತು. ಮೀರಾ ಮೇಡಂ ನಮ್ಮ ನಡುವೆ ಇಟ್ಟ ಬಟ್ಟಲು ಎಳೆಹಳದಿಯದು, ಅಲ್ಲಲ್ಲಿ ಬೆಂಕಿ ಮುಟ್ಟಿದ ಕಡೆ ರೊಟ್ಟಿಯ ಮೇಲೆ ಚುಕ್ಕೆ ಬಿದ್ದ ಹಾಗೆ ಕೆಂಪಡರಿತ್ತು. ಉಗುರಿನಿಂದ ಸವರಿದೆ. ಒಂದು ಗೀರಿರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಣ್ಣಜ್ಜಿಯ ಬಾಲ್ಯದ ಒಂದು ಸಂಗತಿ. ಆ ಗುಡ್ಡದ ಕೆಳಗೆ ಎಂದೋ ಹಾಳಾದ ಹಳೆಯ ಊರಿನ ನೆಲದಲ್ಲಿ ಪುರಾತನರ ಮಡಕೆಗಳ ಚೂರುಗಳು ಹರಡಿಬಿದ್ದಿರುತ್ತವೆ. ಮಣ್ಣಜ್ಜಿಯ ಅಜ್ಜಿ ಈ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದು, ಒಂದೊಂದೇ ಚೂರಿನ ಮೇಲಿನ ರೆಕ್ಕೆ, ಮೋಡ, ಮಳೆಗೆರೆಗಳನ್ನು ತೋರಿಸಿ, ಕಣ್ಣಲ್ಲಿ ತುಂಬಿಕೊಂಡ ಮೇಲೆ ಅಲ್ಲೇ ಬಿಟ್ಟು ಬರುವಂತೆ ಹೇಳುತ್ತಿದ್ದಳಂತೆ. ನೋಡಬೇಕು, ಎತ್ತಬಾರದು. ಮುಂದೆ ಆ ಗೆರೆಗಳೇ ಮಣ್ಣಜ್ಜಿಯ ಕುಂಚದ ತುದಿಯಲ್ಲಿ ಮತ್ತೆ ಚಿಗುರಿದವು. ನಾನು ಎಂಥ ಭಾವುಕತೆಯಿಂದ ತಲೆದೂಗಿದೆನೆಂದರೆ ಪಕ್ಕದಲ್ಲಿದ್ದ ಹುಡುಗಿ ನನಗೆ ಟಿಶ್ಯೂ ಕೊಟ್ಟಳು.

ಅಷ್ಟರಲ್ಲಿ ಮೀರಾ ಮೇಡಂ ಪುಟ ತಿರುಗಿಸಿದರು. ಆ ಪುಟದಲ್ಲಿ ಕೈ ಇರಲಿಲ್ಲ. ಒಂದು ಕಲ್ಲಿತ್ತು, ಇದ್ದಷ್ಟೇ ಗಾತ್ರಕ್ಕೆ ಬರೆದದ್ದು. “ಇದು ಅವರ ಹೊಳಪಿನ ಕಲ್ಲು. ಅರೆಒಣಗಿದ ಪಾತ್ರೆಯನ್ನು ಇದರಲ್ಲಿ ಉಜ್ಜಿ ಉಜ್ಜಿ ನುಣುಪು ತರೋದು. ಅವರಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ ಬಂದಿದ್ದು. ನೋಡಿ, ಕೆಳಗಿನ ಮಗ್ಗುಲು ಸವೆದು ಸಪಾಟಾಗಿದೆ, ಇಲ್ಲಿ ಮೂರು ತಲೆಮಾರಿನ ಹೆಬ್ಬೆರಳು ಕೂತು ಕೂತು ತಗ್ಗು ಬಿದ್ದಿದೆ. ಯಾವಾಗ್ಲೂ ಒಂದು ನೀರಿನ ಬಟ್ಟಲಲ್ಲಿ ಹಾಕಿಟ್ಟಿರ್ತಿದ್ರು.”

ನೀವು ಎಂದಾದರೂ ಬಸ್ಸಿನಲ್ಲಿ ಕೂತು, ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂದು ಎದೆ ಧಸಕ್ಕೆಂದದ್ದಿದೆಯೇ? ನನಗೆ ಆದದ್ದು ಅದೇ. ಸಾವಿರಾರು ಮೈಲಿ ದೂರದ ಒಬ್ಬ ಮುದುಕಿಯ ಕಲ್ಲು ಪುಸ್ತಕದಲ್ಲಿತ್ತು. ಅದರ ಅಕ್ಕ ನಮ್ಮ ಮನೆಯಲ್ಲಿ ಶುಂಠಿಯ ರಸ ಹಚ್ಚಿಕೊಂಡು ಕೂತಿತ್ತು.

ಕೈ ತೊಳೆಯುವುದನ್ನೂ ಮರೆತು ಆಟೋ ಹತ್ತಿದೆ. ಹಲಸೂರು ಕೆರೆಯ ಬದಿಗೆ ಬರುವಷ್ಟರಲ್ಲಿ ಮನಸ್ಸು ತನ್ನ ವಕೀಲಿಕೆ ಶುರುಮಾಡಿತ್ತು: ವಳ್ಳಿಯಮ್ಮ ಬೇರೆ ಕಲ್ಲು ಹುಡುಕಿಕೊಂಡಿರುತ್ತಾರೆ, ಅವರಿಗದು ನೆನಪೂ ಇರಲಿಕ್ಕಿಲ್ಲ. ಮನೆಗೆ ಬಂದು ಕಲ್ಲನ್ನು ಸೋಪು ಹಚ್ಚಿ, ಹುಣಸೆಹಣ್ಣು ಹಚ್ಚಿ ತೊಳೆದೆ. ಒದ್ದೆ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಐದು ತಿಂಗಳಲ್ಲಿ ಮೊದಲ ಸಲ ನನ್ನ ತಪಾಸಣೆಯ ಕಣ್ಣು ತೆರೆಯಿತು. ಸಪಾಟು ಮಗ್ಗುಲಿನ ಅಂಚಿನಲ್ಲಿ ಎಳ್ಳುಕಾಳಿಗಿಂತ ಸಣ್ಣದೊಂದು ಮುಕ್ಕು. ಅದು ಹಳೆಯದಲ್ಲ, ಬಾಯಿ ಇನ್ನೂ ಚೂಪಾಗಿತ್ತು. ಏಲಕ್ಕಿಯ ಕೆಲಸವೋ, ಸ್ಟೀಲ್ ತಟ್ಟೆಯ ಅಂಚಿನದೋ, ಅಂತೂ ನನ್ನದೇ.

ಆಗ ಹೊಳೆದ ಉಪಾಯವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಸುಮ್ಮನೆ ಹೋಗುವುದು, ಹಣತೆ ಕೊಳ್ಳುವ ನೆಪ ಮಾಡುವುದು, ವಳ್ಳಿಯಮ್ಮ ಒಳಗೆ ಹೋದಾಗ ಕಲ್ಲನ್ನು ಬೋಗುಣಿಯೊಳಗೆ ಜಾರಿಸಿ ಬಂದುಬಿಡುವುದು. ಹೋದ ಹಾಗೆಯೇ ಬಂತು ಎಂದು ಅವರಿಗೆ ಸಂತೋಷ, ನನಗೆ ಮಾನ. ಸಂಜೆ ನಾಲ್ಕಕ್ಕೆ ಕೈಚೀಲದಲ್ಲಿ ಕಲ್ಲಿಟ್ಟುಕೊಂಡು ಪಾಟರಿ ಟೌನಿಗೆ ನಡೆದೇ ಹೋದೆ. ಅಂಗಳದಲ್ಲಿ ಮಡಕೆಗಳು ಬಿಸಿಲು ಕಾಯುತ್ತಿದ್ದವು. ಆ ಮನೆಯಲ್ಲಿ ತಿಗರಿಯ ಕೆಲಸ ಗಂಡಸರದು. ಬುಡ ತಟ್ಟುವುದು, ಕೆಮ್ಮಣ್ಣು ಬಳಿಯುವುದು, ಉಜ್ಜಿ ಹೊಳಪು ತರುವುದು ಹೆಂಗಸರದು. ಹೊಸ್ತಿಲ ಪಕ್ಕ ಬೋಗುಣಿ ಇನ್ನೂ ಇತ್ತು, ಅದರಲ್ಲಿ ನೀರೂ ಇತ್ತು. ಕಲ್ಲಿಲ್ಲದ ಬೋಗುಣಿಗೆ ಐದು ತಿಂಗಳಿನಿಂದ ಯಾರೋ ನೀರು ತುಂಬುತ್ತಲೇ ಇದ್ದರು.

“ಬನ್ನಿಮ್ಮಾ. ಮಡಕೆ ಒಡೆದೋಯ್ತಾ?” ಎಂದರು ವಳ್ಳಿಯಮ್ಮ.

“ಇಲ್ರೀ, ಮಡಕಿ ಚೊಲೋ ಐತ್ರೀ. ಹಣತಿ ಬೇಕಾಗಿದ್ದುವು.”

“ತೊಗೊಳ್ಳಿ. ಹೊಳಪು ಮಾತ್ರ ಕೇಳ್ಬೇಡಿ ಈ ಸಲ, ಸ್ಪೂನ್ ಬೆನ್ನಲ್ಲಿ ಉಜ್ಜಿದ್ದು. ನಮ್ಮಮ್ಮನ ಕಲ್ಲು ಹೋಯ್ತು.” ಅವರು ಬೋಗುಣಿಯ ಕಡೆ ನೋಡಲಿಲ್ಲ. “ಮಣ್ಣಲ್ಲಿ ಸೇರ್ಕೊಂಡಿರ್ಬೇಕು ಅಂತ ನಾದಿಟ್ಟಿದ್ದ ಮೂರು ಗುಡ್ಡೇನೂ ಬೆರಳಲ್ಲಿ ಜಾಲಾಡಿದೆ. ಮೋರಿಗೂ ಕೈ ಹಾಕ್ದೆ. ಎಲ್ಲೂ ಹೋಗಿಲ್ಲಮ್ಮಾ ಅದು. ಇವಳೇ ಎತ್ತಿಟ್ಟವಳೆ.”

ಇವಳು ಎಂದರೆ ಮಗಳು ಮಂಜುಳಾ, ಮೂವತ್ತರ ಆಸುಪಾಸಿನವಳು. ಬಾಗಿಲೊಳಗೆ ನಮಗೆ ಬೆನ್ನು ಮಾಡಿ ಕೂತು, ತೊಡೆಯ ಮೇಲಿನ ಮಡಕೆಯನ್ನು ಏತರಿಂದಲೋ ಉಜ್ಜುತ್ತಿದ್ದಳು. ಒರಟು ಸದ್ದು ಬರುತ್ತಿತ್ತು.

“ಕೊಡು ಕೊಡು ಅಂತ ವರ್ಷಗಟ್ಲೆ ಕೇಳಿದ್ಲು. ನಾನು ಕಣ್ಮುಚ್ಚಿದ್ಮೇಲೆ ನಿಂದೇ, ಅಲ್ಲಿವರೆಗೂ ಮುಟ್ಬೇಡ ಅಂದಿದ್ದೆ. ನಮ್ಮಮ್ಮನೂ ನಂಗೆ ಹಂಗೇ ಕೊಟ್ಟಿದ್ದು. ಇವಳಿಗೆ ತಡ್ಕೊಳ್ಳೋಕಾಗ್ಲಿಲ್ಲ.”

“ನಾನ್ ತೊಗೊಂಡಿಲ್ಲ ಅಂತ ನೂರು ಸಲ ಹೇಳಿದೀನಿ,” ಎಂದಳು ಮಂಜುಳಾ, ತಿರುಗದೆ. “ಬೀದೀಲಿ ಬಿದ್ದಿದ್ದ ಕಲ್ಲು ತಂದು ಉಜ್ತಾ ಇದೀನಲ್ಲ, ಕಾಣಲ್ವಾ? ಕದ್ದಿಟ್ಟಿದ್ರೆ ಇದ್ಯಾಕೆ ಬೇಕಿತ್ತು ನಂಗೆ?”

ಕೈಚೀಲದೊಳಗೆ ಕಲ್ಲನ್ನು ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು. ನಾನು ಗುಟ್ಟಾಗಿ ಅದನ್ನು ಬೋಗುಣಿಗೆ ಹಾಕಿ ಹೋದರೆ ಏನಾಗುತ್ತದೆಂದು ಆಗ ತಿಳಿಯಿತು. ನಾಳೆ ಬೆಳಿಗ್ಗೆ ತಾಯಿ ಅದನ್ನು ಕಾಣುತ್ತಾಳೆ, ಮಗಳ ಮುಖ ನೋಡುತ್ತಾಳೆ, ಅಂತೂ ತಂದಿಟ್ಟಳು ಅಂದುಕೊಳ್ಳುತ್ತಾಳೆ. ನನ್ನ ಮಾನ ಉಳಿದಷ್ಟೂ ಆ ಹುಡುಗಿ ಬಾಳಿಡೀ ಕಳ್ಳಿಯಾಗಿ ಉಳಿಯುತ್ತಾಳೆ. ಅಂಥ ಹೊತ್ತಿನಲ್ಲಿ ಧೈರ್ಯ ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಿಜ ಹೇಳಬೇಕೆಂದರೆ ಧೈರ್ಯ ಬರಲಿಲ್ಲ, ಬಾಯಿ ಮಾತ್ರ ತಾನಾಗಿ ಆಡಿಬಿಟ್ಟಿತು.

“ಅಕಿ ತೊಗೊಂಡಿಲ್ರೀ. ನಾ ಒಯ್ದಿದ್ದೆ. ಆಟೋದಾಗ ಮಡಕಿ ಉರುಳಬಾರದಂತ. ನನಗ ಗೊತ್ತಿರಲಿಲ್ರೀ ಇದು ಏನಂತ.”

ಕಲ್ಲನ್ನು ಚಾಚಿದೆ. ಉಜ್ಜುವ ಸದ್ದು ನಿಂತಿತು. ವಳ್ಳಿಯಮ್ಮ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಹೆಬ್ಬೆರಳು ನೋಡದೆಯೇ ತನ್ನ ತಗ್ಗಿಗೆ ಹೋಗಿ ಕೂತಿತು. ಆಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದರು.

“ಶುಂಠಿ,” ಎಂದರು.

“ಹೌದ್ರೀ. ಚಹಾಕ್ಕ.”

“ನಮ್ಮಮ್ಮನ ಕಲ್ಲಲ್ಲಿ ಟೀ ಮಾಡಿದೀರಾ?”

ಮುಂದಿನದೆಲ್ಲ ತಮಿಳಿನಲ್ಲಿ ಬಂತು. ಬೈಗುಳಕ್ಕೆ ಅನುವಾದ ಬೇಕಿಲ್ಲ. ನಾನು ತಲೆತಗ್ಗಿಸಿ ನಿಂತು ಒಂದನ್ನೂ ಬಿಡದೆ ಸ್ವೀಕರಿಸಿದೆ. ಮುಗಿದ ಮೇಲೆ ಅವರ ಬೆರಳು ಅಂಚಿನ ಮುಕ್ಕನ್ನು ಕಂಡಿತು, ಮತ್ತೆ ಸ್ವಲ್ಪ ತಮಿಳು ಬಂತು, ಈ ಸಲ ಮೆಲ್ಲನೆ, ಕಲ್ಲಿಗೆ ಹೇಳುವಂತೆ. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಇಲ್ಲಿ ಟಿಶ್ಯೂ ಕೊಡುವವರು ಯಾರೂ ಇರಲಿಲ್ಲ.

ಹೋಗಿ ಎಂದಾರೆಂದು ಕಾದೆ. ಅವರು ನನ್ನನ್ನು ಬಿಟ್ಟು ಒಳಗೆ ನಡೆದು ಮಗಳ ಪಕ್ಕದಲ್ಲಿ ಮೊಣಕಾಲೂರಿ ಕೂತರು. ಮಂಜುಳಾ ಮುಖ ಎತ್ತಲಿಲ್ಲ. ವಳ್ಳಿಯಮ್ಮ ಅವಳ ಮುಷ್ಟಿ ಬಿಡಿಸಿ ಆ ಬೀದಿಯ ಕಲ್ಲನ್ನು ತೆಗೆದುಕೊಂಡರು, ಖಾಲಿಯಾದ ಅಂಗೈಯಲ್ಲಿ ತಾಯಿಯ ಕಲ್ಲನ್ನಿಟ್ಟು ಬೆರಳು ಮಡಿಸಿದರು. ತಪ್ಪಾಯಿತು ಎನ್ನಲಿಲ್ಲ. ಮನೆಯೊಳಗೆ ತಮಿಳನ್ನೇ ಆಡುವವರು, ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲಿ ಹೇಳಿದರು: “ಹೊಸ ಕಲ್ಲಿಗೆ ಹಳೇ ಕೈ ಬೇಕು, ಇಲ್ದಿದ್ರೆ ಅದು ಬಗ್ಗಲ್ಲ. ಇದನ್ನ ನಾನು ಪಳಗಿಸ್ತೀನಿ. ಅದು ನೀನಿಟ್ಕೊ.”

ಮಂಜುಳಾ ಮೂಗು ಒರೆಸಿಕೊಂಡಳು. “ನೀನಿನ್ನೂ ಕಣ್ಮುಚ್ಚಿಲ್ವಲ್ಲಮ್ಮಾ.”

“ಮುಚ್ಚೋವರ್ಗೂ ಕಾದ್ರೆ, ಇನ್ಯಾರೋ ಬಂದು ಸಾರಿಗೆ ಬೆಳ್ಳುಳ್ಳಿ ಜಜ್ಜೋಕೆ ಎತ್ಕೊಂಡು ಹೋಗ್ತಾರೆ.”

ಮೊದಲು ನಕ್ಕವಳು ಮಂಜುಳಾ. ಆಮೇಲೆ ನನಗೆ ಕೂರಲು ಮಣೆ ಬಂತು, ಟೀ ಬಂತು. ಅದರಲ್ಲಿ ಶುಂಠಿ ಇರಲಿಲ್ಲ. ಕಪ್ಪು ಹಿಡಿದು ಕೂತು, ತಾಯಿ ಒರಟು ಕಲ್ಲಿನಲ್ಲಿ, ಮಗಳು ನುಣುಪಿನ ಕಲ್ಲಿನಲ್ಲಿ, ಒಂದೇ ಮಡಕೆಯ ಎರಡು ಮಗ್ಗುಲನ್ನು ಉಜ್ಜುವುದನ್ನು ನೋಡಿದೆ. ಮಣ್ಣಜ್ಜಿಯ ಕತೆಯನ್ನು ಅವರಿಗೆ ಹೇಳಿದೆ. ವಳ್ಳಿಯಮ್ಮ ಉಜ್ಜುತ್ತಲೇ ಕೇಳಿ, ಎರಡೇ ಪ್ರಶ್ನೆ ಕೇಳಿದರು: ಆ ಅಮ್ಮನಿಗೆ ಮಗಳಿದ್ದಾಳಾ, ಕಲ್ಲು ಕೊಟ್ಟಿದ್ದಾರಾ? ಮುಂದಿನ ಭಾನುವಾರ ಮೀರಾ ಮೇಡಂ ಅವರನ್ನು ಕೇಳಿದೆ. ಮೂವರು ಹೆಣ್ಣುಮಕ್ಕಳಂತೆ, ಕಲ್ಲಿನ ವಿಷಯ ಅವರಿಗೂ ತಿಳಿಯದು. ಇಂದಿರಾನಗರಕ್ಕೆ ನಾನು ಹೋದದ್ದು ಅದೇ ಕೊನೆ. ಈಗ ಭಾನುವಾರಗಳಲ್ಲಿ ವಳ್ಳಿಯಮ್ಮನವರ ಅಂಗಳದಲ್ಲಿ ಮಣ್ಣು ನಾದುತ್ತೇನೆ, ಬೆರಳುಗಳು ಸಡಿಲವಾಗಿವೆ, ತಮಿಳು ಪದಗಳು ಹನ್ನೊಂದಾಗಿವೆ. ದೂರದ ಆ ಹಿರಿಯಳ ಜೀವನವನ್ನು ಕೇಳದೇ ಹೋಗಿದ್ದರೆ ಅರ್ಧ ಗಂಟೆಯ ದಾರಿಯ ಈ ಹೆಂಗಸಿನ ಜೀವನ ನನಗೆ ಕಾಣುತ್ತಲೇ ಇರಲಿಲ್ಲ. ಹತ್ತಿರದ್ದನ್ನು ನೋಡಲು ಇಷ್ಟು ದೂರ ಸುತ್ತಬೇಕಾಯಿತಲ್ಲ ಎಂದು ನಾಚಿಕೆಯೂ ಆಗುತ್ತದೆ, ಕೊನೆಗೂ ಕಂಡಿತಲ್ಲ ಎಂದು ಸಂತೋಷವೂ ಆಗುತ್ತದೆ.

ಅಡುಗೆಕಟ್ಟೆಯ ಮೇಲೆ ಎರಡು ಡಬ್ಬಿಗಳ ನಡುವೆ ಈಗ ಜಾಗ ಖಾಲಿಯಿದೆ. ಶುಂಠಿಯನ್ನು ಲಟ್ಟಣಿಗೆಯ ತುದಿಯಿಂದ ಜಜ್ಜುತ್ತೇನೆ. ಅದು ಅರ್ಧ ಜಜ್ಜುತ್ತದೆ, ಅರ್ಧ ಹಾರುತ್ತದೆ, ಮನೆಯವರು ಚಹಾದ ಬಗ್ಗೆ ಮತ್ತೆ ಮೌನಿಯಾಗಿದ್ದಾರೆ. ಆ ಖಾಲಿ ಜಾಗದ ಪಕ್ಕದಲ್ಲಿ ಹೊಸ ಮಡಕೆ ಇದೆ, ತನ್ನ ಅಜ್ಜಿಯ ಕಲ್ಲಿನಿಂದ ಮಂಜುಳಾ ಉಜ್ಜಿದ ಮೊದಲ ಮಡಕೆ. ಆವಿಗೆಯಿಂದ ಇಳಿಸಿದ ದಿನವೇ ಹೇಳಿಕಳಿಸಿದ್ದಳು. ತಂದ ದಿನ ಅಭ್ಯಾಸಬಲದಿಂದ ಅದರ ಮೈಯ ಮೇಲೆ ಉಗುರು ಎಳೆದೆ. ಕುತ್ತಿಗೆಯ ಕೆಳಗೆ, ಸುತ್ತಲೂ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೀರು ಸಿಕ್ಕಿತು: ನಾನು ಮಾಡಿದ ಮುಕ್ಕು ಹೋದಲ್ಲೆಲ್ಲ ಬಿಟ್ಟ ಗುರುತು. ಒಂದೆರಡು ವರ್ಷ ಉಜ್ಜಿದರೆ ಮುಕ್ಕು ತಾನೇ ಸವೆದು ಹೋಗುತ್ತದೆ ಎಂದಿದ್ದಾಳೆ ಮಂಜುಳಾ. ಅಲ್ಲಿಯವರೆಗೆ ಅವಳ ಕೈಯಿಂದ ಹೊರಡುವ ಪ್ರತಿ ಮಡಕೆಯಲ್ಲೂ ಅದು ಇರುತ್ತದೆ. ಕಾರ್ಖಾನೆಯಲ್ಲಾದರೆ ಎರಡು ಸಲ ಯೋಚಿಸದೆ ರಿಜೆಕ್ಟ್ ಒತ್ತುತ್ತಿದ್ದೆ. ಇಲ್ಲಿ ಆ ಗೀರಿನ ಮೇಲೆ ಬೆರಳಿಟ್ಟು ಒಂದು ಲೋಟ ನೀರು ಬಗ್ಗಿಸಿಕೊಂಡೆ, ಕುಡಿದೆ, ತಂಪಾಗಿತ್ತು. ಪಾಸ್.